ಕೊಳದ ಅರ್ಥ: ನಂದಿಯ ಸೀಮೆಯ ಜಲಾಶ್ರಯಗಳು ಮತ್ತು ಶ್ರಾವಕಧರ್ಮ

ಚಿಕ್ಕಬಳ್ಳಾಪುರಕ್ಕೆ ಸಮೀಪದ ನಂದಿ ಗ್ರಾಮದಲ್ಲಿ, ಭೋಗನಂದೀಶ್ವರ ದೇವಾಲಯದ ಪ್ರಾಕಾರದೊಳಗೆ, ನಾಲ್ಕು ದಿಕ್ಕಿನಿಂದಲೂ ಮೆಟ್ಟಿಲು ಇಳಿಯುವ ವಿಶಾಲವಾದ ಕಲ್ಯಾಣಿಯೊಂದಿದೆ. ಅದಕ್ಕೆ ಶೃಂಗಿತೀರ್ಥವೆಂದು ಹೆಸರು. ನಂದಿಯು ತನ್ನ ಕೊಂಬಿನಿಂದ ನೆಲವನ್ನು ತಿವಿದು ಗಂಗೆಯನ್ನು ಬರಿಸಿತೆಂದು ಸ್ಥಳಪುರಾಣ. ಬೆಟ್ಟದ ಮೇಲೆ ಅಮೃತಸರೋವರ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ ಇವೆಲ್ಲಕ್ಕೂ ನಂದಿಯ ಬೆಟ್ಟಸಾಲೇ ತವರು. ಪಾಪಘ್ನಿ ಶಿಡ್ಲಘಟ್ಟದ ಕಡೆ ಹರಿಯುತ್ತದೆ. ಪಾಲಾರ್ ಚಿಂತಾಮಣಿಯ ಸೀಮೆಯಲ್ಲಿ ಹುಟ್ಟುತ್ತದೆ. ಉತ್ತರ ಪಿನಾಕಿನಿ ಮಂಚೇನಹಳ್ಳಿ, ಗೌರಿಬಿದನೂರು, ವಿದುರಾಶ್ವತ್ಥಗಳನ್ನು ಹಾಯ್ದು ಆಂಧ್ರದ ಕಡೆ ಸಾಗುತ್ತದೆ. ಇಷ್ಟು ನದಿಗಳ ತವರಾಗಿಯೂ ಇದು ನೀರಿಗೆ ಬಡವಾದ ನಾಡು. ನದಿಗಳೆಲ್ಲ ಮಳೆಗಾಲದಲ್ಲಿ ಮೈದುಂಬಿ ಬೇಸಗೆಯಲ್ಲಿ ಮರಳಾಗುವಂಥವು. ಆದುದರಿಂದಲೇ ಇಲ್ಲಿಯ ಹಿರಿಯರು ನದಿಯನ್ನು ನೆಚ್ಚದೆ ಕೆರೆ, ಕಟ್ಟೆ, ಕುಂಟೆ, ಕಲ್ಯಾಣಿಗಳನ್ನು ಕಟ್ಟಿದರು. ಊರಿನ ಹೆಸರು ಹೇಳಿದರೆ ಅದರ ಕೆರೆಯ ಹೆಸರೂ ನಾಲಗೆಗೆ ಬರುತ್ತದೆ: ಚಿಕ್ಕಬಳ್ಳಾಪುರಕ್ಕೆ ಕಂದವಾರ ಕೆರೆ, ಶಿಡ್ಲಘಟ್ಟಕ್ಕೆ ಅಮ್ಮನಕೆರೆ ಮತ್ತು ಗೌಡನಕೆರೆ, ಗುಡಿಬಂಡೆಗೆ ಭೈರಸಾಗರ.

ಪಾಪಘ್ನಿ ಎಂಬ ಹೆಸರೇ ಒಂದು ನಂಬಿಕೆಯನ್ನು ಹೇಳುತ್ತದೆ. ಆ ನೀರು ಪಾಪವನ್ನು ಕೊಲ್ಲುತ್ತದೆ, ಮಿಂದವನು ಶುದ್ಧನಾಗುತ್ತಾನೆ. ಶೃಂಗಿತೀರ್ಥದ ಮೆಟ್ಟಿಲಿಳಿಯುವ ಯಾತ್ರಿಕನ ಭಾವವೂ ಅದೇ. ಇದೇ ನಾಡಿನಲ್ಲಿ, ಇದೇ ನೀರನ್ನು ಕುಡಿದು ಬಾಳಿದ ಜೈನ ಶ್ರಾವಕರು ಕೊಳವನ್ನು ಹೇಗೆ ಕಂಡರು? ಅವರಿಗೂ ಅದು ಪವಿತ್ರವಾಗಿತ್ತು. ಆದರೆ ಆ ಪಾವಿತ್ರ್ಯದ ಕಾರಣ ಬೇರೆ. ಆ ಬೇರೆತನವನ್ನು ಮರೆತರೆ ನಮ್ಮ ಬಸದಿಗಳ ಮುಂದಿನ ಕೊಳಗಳು ಕೇವಲ ಅಲಂಕಾರವಾಗಿ ಉಳಿಯುತ್ತವೆ.

ಜೈನಧರ್ಮಕ್ಕೂ ನಂದಿಯ ಸೀಮೆಗೂ ಇರುವ ನಂಟು ಬಹಳ ಹಳೆಯದು. ತಲಕಾಡಿನ ಗಂಗರು ತಮ್ಮನ್ನು ಕುವಳಾಲಪುರವರೇಶ್ವರರೆಂದೂ ನಂದಗಿರಿನಾಥರೆಂದೂ ಕರೆದುಕೊಂಡರು. ಕುವಳಾಲವೆಂದರೆ ಇಂದಿನ ಕೋಲಾರ, ನಂದಗಿರಿಯೆಂದರೆ ಈ ನಂದಿ. ಆ ರಾಜ್ಯದ ಸ್ಥಾಪನೆಗೆ ಸಿಂಹನಂದ್ಯಾಚಾರ್ಯರ ಅನುಗ್ರಹವೇ ಮೂಲವೆಂಬುದು ಪರಂಪರೆ. ನಂದಿಗೆ ಹೊಂದಿಕೊಂಡಿರುವ ಗೋಪಿನಾಥ ಬೆಟ್ಟದಲ್ಲಿ 8ನೆಯ ಶತಮಾನದ್ದೆಂದು ಬಿ. ಎಲ್. ರೈಸ್ ಅವರು ಗುರುತಿಸಿದ ಸಂಸ್ಕೃತ ಶಾಸನವೊಂದಿದೆ. ದಶರಥನ ಮಗನಾದ ರಾಮನು ಅಲ್ಲಿ ಅರ್ಹಂತನ ಚೈತ್ಯಭವನವನ್ನು ಮೊದಲು ಸ್ಥಾಪಿಸಿದನೆಂದೂ ಪಾಂಡವರ ತಾಯಿ ಕುಂತಿ ಅದನ್ನು ಹೊಸತಾಗಿಸಿದಳೆಂದೂ ಆ ಶಾಸನ ಹೇಳುತ್ತದೆ. ಋಷಿಗಳ ವಾಸಕ್ಕೆ ತಕ್ಕ ಗುಹೆಗಳುಳ್ಳ ಬೆಟ್ಟವೆಂದು ಅದನ್ನು ಹೊಗಳುತ್ತದೆ. ರಾಮ, ಕುಂತಿಯರ ಮಾತನ್ನು ಇತಿಹಾಸವೆಂದು ಯಾರೂ ಹಿಡಿಯಬೇಕಾಗಿಲ್ಲ. ಆದರೆ 8ನೆಯ ಶತಮಾನದ ಹೊತ್ತಿಗೇ ಆ ಚೈತ್ಯಾಲಯವನ್ನು ಜನರು ನೆನಪಿಗೆ ಮೀರಿದಷ್ಟು ಪ್ರಾಚೀನವೆಂದು ಭಾವಿಸುತ್ತಿದ್ದರು ಎಂಬುದು ಇತಿಹಾಸವೇ.

ಬೆಟ್ಟದ ಗುಹೆಯಲ್ಲಿ ತಪಸ್ಸಿಗೆ ಕುಳಿತ ದಿಗಂಬರ ಮುನಿಗೆ ಕೊಳದಿಂದ ಏನಾಗಬೇಕು? ಈ ಪ್ರಶ್ನೆಯಿಂದಲೇ ಆ ಬೇರೆತನ ತಿಳಿಯುತ್ತದೆ. ಮುನಿಯ 28 ಮೂಲಗುಣಗಳಲ್ಲಿ ಅಸ್ನಾನವೂ ಒಂದು. ಆತ ಮೀಯುವುದಿಲ್ಲ, ಕೊಳದ ನೀರನ್ನು ಕೈಯಿಂದ ಮುಟ್ಟುವುದಿಲ್ಲ. ಕಮಂಡಲುವಿನ ನೀರೂ ಶ್ರಾವಕನು ಸೋಸಿ, ಕಾಯಿಸಿ, ಪ್ರಾಸುಕಗೊಳಿಸಿ ಕೊಟ್ಟದ್ದೇ ಆಗಬೇಕು. ಹಾಗಾದರೆ ಕೊಳವಿರುವುದು ಗೃಹಸ್ಥನ ಪಾಲಿಗೆ. ನೀರು ಸೇದುವ ಕೈ, ಸೋಸುವ ಬಟ್ಟೆ, ಕಾಯಿಸುವ ಒಲೆ ಇವೆಲ್ಲ ಅವನವು. ಅವುಗಳಲ್ಲಿ ಆಗುವ ಹಿಂಸೆಯ ಹೊಣೆಯೂ ಅವನದು.

ಮಿಂದರೆ ಪಾಪ ತೊಳೆಯುತ್ತದೆಂಬ ನಂಬಿಕೆಯನ್ನು ನಮ್ಮ ಆಚಾರ್ಯರು ಮುಚ್ಚುಮರೆಯಿಲ್ಲದೆ ತಳ್ಳಿಹಾಕಿದ್ದಾರೆ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯನ್ನು ಹೇಳುವಾಗ ನದೀಸ್ನಾನ, ಸಮುದ್ರಸ್ನಾನಗಳನ್ನೇ ಮೊದಲು ಎಣಿಸುತ್ತಾರೆ. ಕರ್ಮವು ಆತ್ಮಪ್ರದೇಶಕ್ಕೆ ಅಂಟಿದ ಸೂಕ್ಷ್ಮ ಪುದ್ಗಲ. ಚರ್ಮಕ್ಕೆ ಅಂಟಿದ ಕೊಳೆಯಲ್ಲ. ಅದನ್ನು ನೀರು ತೊಳೆಯುವುದಾದರೆ ಕೊಳದ ಮೀನು ಎಲ್ಲರಿಗಿಂತ ಮೊದಲು ಮುಕ್ತವಾಗಬೇಕಿತ್ತು. ಮೇಲಾಗಿ ನೀರೆಂಬುದೇ ಜಡವಲ್ಲ. ಅಪ್‌ಕಾಯಿಕ ಏಕೇಂದ್ರಿಯ ಜೀವಗಳಿಗೆ ನೀರೇ ದೇಹ. ಅದಲ್ಲದೆ ನೀರನ್ನು ಆಶ್ರಯಿಸಿದ ಅಸಂಖ್ಯ ತ್ರಸಜೀವಗಳೂ ಅದರಲ್ಲಿವೆ. ಅಷ್ಟು ಜೀವಗಳನ್ನು ಕಲಕಿ ನೋಯಿಸಿ ಪುಣ್ಯ ಗಳಿಸುವ ಲೆಕ್ಕ ನಮ್ಮಲ್ಲಿ ಕೂಡಿಬರುವುದಿಲ್ಲ.

ಹೀಗಿದ್ದರೂ ಜೈನಪುರಾಣಗಳಲ್ಲಿ ಹೆಜ್ಜೆಹೆಜ್ಜೆಗೂ ಸರೋವರಗಳಿವೆ. ತೀರ್ಥಂಕರನ ತಾಯಿ ಕಾಣುವ 16 ಸ್ವಪ್ನಗಳಲ್ಲಿ ತಾವರೆ ತುಂಬಿದ ಸರೋವರ ಒಂದು. ಹುಟ್ಟುವ ಮಗು 1008 ಶುಭಲಕ್ಷಣಗಳಿಂದ ಬೆಳಗುವುದೆಂದು ಜಿನಸೇನಾಚಾರ್ಯರ ಆದಿಪುರಾಣ ಅದಕ್ಕೆ ಫಲ ಹೇಳುತ್ತದೆ. ಸಮವಸರಣದಲ್ಲಿ ಮಾನಸ್ತಂಭಗಳ ಬಳಿ ತಿಳಿನೀರಿನ ವಾಪಿಗಳಿವೆ. ಮಾನಸ್ತಂಭವನ್ನು ಕಂಡೊಡನೆ ಬಂದವನ ಅಹಂಕಾರ ಇಳಿಯುತ್ತದೆಂದು ಹೇಳಿಕೆ. ಅದರ ಬುಡದಲ್ಲಿ ನೀರಿರುವುದೂ ಔಚಿತ್ಯವೇ, ಏಕೆಂದರೆ ನೀರಿಗೆ ಇಳಿಯುವವನು ತಲೆಬಾಗಲೇಬೇಕು. ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯ ಓದಿದವರಿಗೆ ಹಿಮವಂತ ಪರ್ವತದ ಮೇಲಿನ ಪದ್ಮಹ್ರದ ನೆನಪಿರುತ್ತದೆ. ಸಾವಿರ ಯೋಜನ ಉದ್ದ, ಐನೂರು ಯೋಜನ ಅಗಲ, ಹತ್ತು ಯೋಜನ ಆಳ. ನಡುವಿನ ಕಮಲದಲ್ಲಿ ಶ್ರೀದೇವಿ. ಗಂಗೆ, ಸಿಂಧು, ರೋಹಿತಾಸ್ಯಾ ನದಿಗಳ ಉಗಮ ಅಲ್ಲೇ. ಬೆಟ್ಟದ ನೆತ್ತಿಯಲ್ಲಿ ಸರೋವರ, ಸರೋವರದಿಂದ ನದಿ ಎಂಬ ಈ ಚಿತ್ರ ನಂದಿಯ ಬುಡದಲ್ಲಿ ಬಾಳುವ ಶ್ರಾವಕನಿಗೆ ದೂರದ್ದೆನಿಸಲಾರದು.

ಎಲ್ಲಕ್ಕಿಂತ ಹೆಚ್ಚು ಪರಿಚಿತವಾದದ್ದು ನಂದೀಶ್ವರ ದ್ವೀಪದ ಕೊಳಗಳು. ಎಂಟನೆಯ ದ್ವೀಪವಾದ ಅದರ ಪ್ರತಿಯೊಂದು ದಿಕ್ಕಿನಲ್ಲಿ ಒಂದು ಅಂಜನಗಿರಿ, ಅದರ ಸುತ್ತ ನಾಲ್ಕು ವಾಪಿಗಳು, ಪ್ರತಿ ವಾಪಿಯ ನಡುವೆ ಒಂದು ದಧಿಮುಖ ಪರ್ವತ, ವಾಪಿಯ ಹೊರಮೂಲೆಗಳಲ್ಲಿ ಎರಡು ರತಿಕರ ಪರ್ವತಗಳು. ದಿಕ್ಕಿಗೆ 13ರಂತೆ ಒಟ್ಟು 52 ಚೈತ್ಯಾಲಯಗಳು, 16 ವಾಪಿಗಳು. ಆಷಾಢ, ಕಾರ್ತಿಕ, ಫಾಲ್ಗುಣಗಳ ಅಷ್ಟಾಹ್ನಿಕ ಪರ್ವದಲ್ಲಿ ದೇವತೆಗಳು ಅಲ್ಲಿ ಪೂಜಿಸುತ್ತಾರೆ. ಮನುಷ್ಯರಿಗೆ ಅಲ್ಲಿಗೆ ಹೋಗಲು ಸಾಧ್ಯವಿಲ್ಲದ್ದರಿಂದ ನಾವು ಬಸದಿಯಲ್ಲೇ ಮಂಡಲ ಬರೆದು ಆರಾಧಿಸುತ್ತೇವೆ. ಆ ವಾಪಿಗಳ ಹೆಸರುಗಳಲ್ಲಿ ನಂದಾ, ನಂದವತೀ, ನಂದೋತ್ತರಾ, ನಂದಿಘೋಷಾ ಎಂಬವು ಬರುತ್ತವೆ. ನಂದಿ, ನಂದಗಿರಿ, ನಂದೀಶ್ವರ ಎಂಬ ಹೆಸರುಗಳ ಹೋಲಿಕೆಯನ್ನು ಹಿಡಿದು ನಂದಿಬೆಟ್ಟವೇ ಮೂಲತಃ ನಂದೀಶ್ವರ ದ್ವೀಪದ ಸಂಕೇತವೆಂದು ವಾದಿಸುವ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ಅಡಗಿಸಿಕೊಳ್ಳುವುದು ಲೇಸು. ಭೋಗನಂದೀಶ್ವರವು 9ನೆಯ ಶತಮಾನದ ಆದಿಯಿಂದಲೇ ಶಾಸನಗಳಲ್ಲಿ ಕಾಣುವ ಶಿವಾಲಯ. ಚಿಂತಾಮಣಿ ಪಾರ್ಶ್ವನಾಥನ ಹೆಸರನ್ನು ನೆನಪಿಸುವ ಚಿಂತಾಮಣಿ ಪಟ್ಟಣಕ್ಕೆ ಆ ಹೆಸರು ಬಂದುದು ಚಿಂತಾಮಣಿರಾವ್ ಎಂಬ ಮರಾಠಾ ನಾಯಕನಿಂದ. ಹೆಸರಿನ ಸಾಮ್ಯದಿಂದ ಬೇರೆಯವರ ಗುಡಿಯನ್ನು ತಮ್ಮದೆನ್ನುವುದು ಅಚೌರ್ಯಕ್ಕೂ ಹೊಂದುವುದಿಲ್ಲ, ಸತ್ಯಕ್ಕೂ ಹೊಂದುವುದಿಲ್ಲ.

ಸಂಕೇತಗಳ ನಡುವೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತೀರ್ಥಂಕರನ ಜನ್ಮಾಭಿಷೇಕಕ್ಕೆ ಇಂದ್ರನು ಗಂಗೆಯ ನೀರನ್ನಾಗಲಿ ಪದ್ಮಹ್ರದದ ನೀರನ್ನಾಗಲಿ ತರಿಸಲಿಲ್ಲ. ಐದನೆಯದಾದ ಕ್ಷೀರಸಾಗರದಿಂದ ತರಿಸಿದ. ಲವಣ, ಕಾಲೋದ, ಸ್ವಯಂಭೂರಮಣ ಈ ಮೂರನ್ನು ಬಿಟ್ಟು ಉಳಿದ ಸಮುದ್ರಗಳಲ್ಲಿ ಜಲಚರಗಳಿಲ್ಲವೆಂಬುದು ತ್ರಿಲೋಕಸಾರ ಮೊದಲಾದ ಗ್ರಂಥಗಳ ಮತ. ದೇವತೆಗಳು ಮೀನು ಕಪ್ಪೆಗಳಿಲ್ಲದ ನೀರನ್ನು ಆರಿಸಿಕೊಳ್ಳಬಲ್ಲರು. ಶಿಡ್ಲಘಟ್ಟದ ಶ್ರಾವಕನಿಗೆ ಆ ಅನುಕೂಲವಿಲ್ಲ. ಅವನ ಕೊಳ ಜೀವಗಳಿಂದ ತುಂಬಿದೆ. ಆದುದರಿಂದ ಅವನಿಗೆ ಸೋಸುಬಟ್ಟೆ ಬಂತು.

ಜಲಗಾಳನವೆಂಬ ಈ ಆಚಾರವನ್ನು ಇಂದು ಆರೋಗ್ಯದ ನಿಯಮವೆಂದು ವಿವರಿಸುವುದು ರೂಢಿಯಾಗಿದೆ. ಅದು ಅರ್ಧ ಸತ್ಯ. ದಪ್ಪ ಬಟ್ಟೆಯನ್ನು ಇಮ್ಮಡಿಸಿ ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವರಾಶಿಯನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಯಾವ ಜಲಾಶ್ರಯದಿಂದ ನೀರು ತಂದೆವೋ ಅದೇ ಜಲಾಶ್ರಯಕ್ಕೆ, ಎತ್ತರದಿಂದ ಎರಚದೆ, ನೀರಿನ ಮಟ್ಟಕ್ಕೆ ಇಳಿಸಿ ಬಿಡಬೇಕು. ಬೇರೆ ಬಾವಿಗೆ ಬಿಡಕೂಡದು, ಏಕೆಂದರೆ ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬದುಕದೆ ಹೋಗಬಹುದು. ಸೋಸಿದ ನೀರಿಗೆ ಎರಡು ಘಳಿಗೆಯ ಅವಧಿ. ಆಮೇಲೆ ಮತ್ತೆ ಸೋಸಬೇಕು. ಕುಡಿಯುವವನ ಹೊಟ್ಟೆಯ ಚಿಂತೆ ಮಾತ್ರವೇ ಇದ್ದಿದ್ದರೆ ಬಟ್ಟೆಯಲ್ಲಿ ಉಳಿದದ್ದನ್ನು ಕೊಡವಿ ಬಿಸುಟರೆ ಸಾಕಿತ್ತು. ಕೊಳವು ಮತ್ತೊಬ್ಬರ ಮನೆ, ನಾವು ಅಲ್ಲಿಂದ ಒಂದು ಕೊಡ ಬೇಡಿ ತಂದವರು, ಮನೆಯವರನ್ನು ಮನೆಗೆ ಮುಟ್ಟಿಸಿ ಬರಬೇಕು: ಈ ವಿಧಿಯ ಹಿಂದಿರುವ ಭಾವ ಇದು. ಜೈನನಿಗೆ ಕೊಳ ಪವಿತ್ರವಾಗುವುದು ಇಲ್ಲಿ.

ಶ್ರಾವಕನು ಮಾಡಬಾರದ ಹದಿನೈದು ಖರಕರ್ಮಗಳಲ್ಲಿ ಸರಃಶೋಷವೂ ಒಂದಾಗಿರುವುದು ಇದೇ ಕಾರಣಕ್ಕೆ. ಕೆರೆ, ಮಡು, ಕೊಳಗಳ ನೀರನ್ನು ಬರಿದುಮಾಡಿ ಜೀವನ ನಡೆಸುವ ವೃತ್ತಿಯೇ ಸರಃಶೋಷ. 13ನೆಯ ಶತಮಾನದಲ್ಲಿ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಅದನ್ನು ಹೆಸರಿಸುತ್ತಾರೆ. ಶ್ವೇತಾಂಬರ ಸಂಪ್ರದಾಯದ ಹದಿನೈದು ಕರ್ಮಾದಾನಗಳಲ್ಲಿಯೂ ಅದಿದೆ. ವಿಷ ಮಾರುವುದು, ಕಾಡಿಗೆ ಬೆಂಕಿಯಿಡುವುದು ಇವುಗಳ ಸಾಲಿನಲ್ಲಿ ಕೆರೆ ಬತ್ತಿಸುವುದನ್ನು ಇಟ್ಟಿದ್ದಾರೆಂದರೆ ಅದರ ಗುರುತ್ವವನ್ನು ಊಹಿಸಬಹುದು.

ಆದರೆ ಅದೇ ಆಗಮಪರಂಪರೆ ಆತ್ಮಸಾಧನೆಯನ್ನು ಹೇಳುವಾಗ ಕೆರೆ ಬತ್ತುವುದನ್ನೇ ಉಪಮೆಯಾಗಿ ತರುತ್ತದೆ! ದೊಡ್ಡ ಕೆರೆಯೊಂದಕ್ಕೆ ನೀರು ಬರುವ ದಾರಿಗಳನ್ನು ಮುಚ್ಚಿದರೆ, ಇರುವ ನೀರು ಎತ್ತಿ ಹೊರಹಾಕುವುದರಿಂದಲೂ ಬಿಸಿಲಿನಿಂದಲೂ ಕ್ರಮವಾಗಿ ಬತ್ತುವಂತೆ, ಸಂಯಮಿಯ ಕರ್ಮ ತಪಸ್ಸಿನಿಂದ ಬತ್ತುತ್ತದೆಂದು ಉತ್ತರಾಧ್ಯಯನದಲ್ಲಿದೆ. ನಮ್ಮ ಕೆರೆಗಳ ಮಾತಿನಲ್ಲಿ ಹೇಳುವುದಾದರೆ, ರಾಜಕಾಲುವೆಯೇ ಆಸ್ರವ, ಅದಕ್ಕೆ ಅಡ್ಡಕಟ್ಟುವುದು ಸಂವರ, ತೂಬು ಎತ್ತಿ ಖಾಲಿ ಮಾಡುವುದು ನಿರ್ಜರೆ. ಒಳಗಿನ ಕೆರೆ ಬತ್ತಬೇಕು, ಹೊರಗಿನ ಕೆರೆ ಬತ್ತಬಾರದು. ಲೋಭದ ಕಾಲುವೆ ತೆರೆದಷ್ಟೂ ಹೊರಗಿನ ಕೆರೆ ಒಣಗುತ್ತದೆಂಬುದನ್ನು ಈ ಸೀಮೆಯ ಕಳೆದ ಅರ್ಧ ಶತಮಾನ ತೋರಿಸಿಕೊಟ್ಟಿದೆ.

ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯಲ್ಲಿ ಇನ್ನೊಂದು ಉಪಮೆ ಇದೆ. ರಾಡಿಯಾದ ನೀರಿಗೆ ಕತಕದ ಬೀಜ, ಹಳ್ಳಿಗರ ಮಾತಿನಲ್ಲಿ ಚಿಲ್ಲದ ಬೀಜ, ತೇಯ್ದು ಹಾಕಿದರೆ ಕೆಸರು ತಳಕ್ಕೆ ಇಳಿದು ನೀರು ತಿಳಿಯಾಗುತ್ತದೆ. ಇದು ಉಪಶಮ. ಕೆಸರು ಹೋಗಿಲ್ಲ, ಅಡಗಿದೆ. ಅಲುಗಿಸಿದರೆ ಮತ್ತೆ ಮೇಲೇಳುತ್ತದೆ. ಆ ತಿಳಿನೀರನ್ನು ಶುದ್ಧವಾದ ಬೇರೆ ಪಾತ್ರೆಗೆ ಬಗ್ಗಿಸಿದಾಗ ಕೆಸರಿನ ಸಂಬಂಧವೇ ಇಲ್ಲ, ಅದು ಕ್ಷಯ. ಕೋಪವನ್ನು ನುಂಗಿಕೊಂಡವನಿಗೂ ಕೋಪವೇ ಇಲ್ಲದವನಿಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಹನ್ನೊಂದನೆಯ ಗುಣಸ್ಥಾನದಿಂದ ಮುನಿಯೂ ಜಾರುವುದೇಕೆಂದು ಕೇಳುವ ಮಕ್ಕಳಿಗೆ ಒಂದು ಚೊಂಬು ರಾಡಿನೀರು ತೋರಿಸಿದರೆ ಸಾಕು.

ಈಗ ಇನ್ನೊಂದು ತೊಡಕು. ಕೊಳ ಬತ್ತಿಸುವುದು ಪಾಪವಾದರೆ ಕೊಳ ತೋಡುವುದು ಏನು? ನೆಲ ಅಗೆಯುವಾಗ ಪೃಥ್ವೀಕಾಯಿಕ ಜೀವಗಳಿಗೂ ಎರೆಹುಳು, ಗೆದ್ದಲುಗಳಿಗೂ ಹಿಂಸೆ ತಪ್ಪದು. ಈ ಕಾರಣದಿಂದ ಕೆಲವರು ಕೆರೆ ಬಾವಿ ತೋಡಿಸುವುದು ಶ್ರಾವಕನಿಗೆ ಹೇಳಿಸಿದ್ದಲ್ಲವೆಂದು ವಾದಿಸಿದ್ದುಂಟು. ಆದರೆ ಕನ್ನಡನಾಡಿನ ಶ್ರಾವಕರು ಹಾಗೆ ನಡೆಯಲಿಲ್ಲ. ಇದಕ್ಕೆ ಸಾಕ್ಷಿಯನ್ನು ನಂದಗಿರಿನಾಥರ ವಂಶದ ಹೆಸರು ಅಮರವಾಗಿ ನಿಂತ ಶ್ರವಣಬೆಳಗೊಳದಲ್ಲಿ ನೋಡಬೇಕು. ಗಂಗರ ಮಂತ್ರಿ ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಿದ ಆ ಕ್ಷೇತ್ರದ ಹೆಸರೇ ಕೊಳದ್ದು: ಬೆಳ್ಗೊಳ, ಬಿಳಿಯ ಕೊಳ. ಬೆಟ್ಟಕ್ಕಿಂತಲೂ ಮೂರ್ತಿಗಿಂತಲೂ ಮೊದಲು ನೀರಿನಿಂದ ಆ ಊರನ್ನು ಗುರುತಿಸಿದರು. 12ನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಅತ್ತಿಗೆಯಾದ ಜಕ್ಕಿಮವ್ವೆ, ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆ, ಅಲ್ಲಿ ಕೆರೆ ಕಟ್ಟಿಸಿದಳು. ಇಂದಿಗೂ ಅದು ಜಕ್ಕಿಕಟ್ಟೆ. 17ನೆಯ ಶತಮಾನದಲ್ಲಿ ಚೆನ್ನಣ್ಣನೆಂಬ ಶ್ರಾವಕ ಕೊಳವೊಂದನ್ನು ಮಾಡಿಸಿ, ಇದು ಹಾಲಿನ ಕೊಳವೋ ಅಮೃತದ ಕೊಳವೋ ಎಂದು ಬೆರಗುಪಡುವ ಶಾಸನವನ್ನು ಬರೆಸಿದ. ಊರ ನಡುವಿನ ಕಲ್ಯಾಣಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾದದ್ದು.

ಇವರೆಲ್ಲ ಹಿಂಸೆಯ ವಿಚಾರ ಅರಿಯದವರೇ? ಜಕ್ಕಿಮವ್ವೆ ಸಿದ್ಧಾಂತಚಕ್ರವರ್ತಿಗಳ ಸಮಕ್ಷಮದಲ್ಲಿ ವ್ರತ ಪಾಲಿಸಿದವಳು. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪದೆಂಬುದನ್ನೂ, ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು ಪ್ರಮಾದಚರ್ಯೆಯೆಂಬ ಅನರ್ಥದಂಡವೆಂಬುದನ್ನೂ ಶ್ರಾವಕಾಚಾರ ಹೇಳುತ್ತದೆ. ನಿಷೇಧ ವ್ಯರ್ಥವಾದ ಅಗೆತಕ್ಕೆ. ಒಮ್ಮೆ ತೋಡಿದ ಕೊಳ ಸಾವಿರ ವರ್ಷ ಮನುಷ್ಯರಿಗೂ ಮೀನು ಕಪ್ಪೆ ಹಕ್ಕಿಗಳಿಗೂ ಆಶ್ರಯವಾದರೆ ಆ ಅಗೆತದ ಲೆಕ್ಕವನ್ನು ಬೇರೆಯಾಗಿಯೇ ನೋಡಬೇಕು. ಈ ವಿಷಯದಲ್ಲಿ ಶಾಸನದ ಹೆಂಗಸು ವಾದದ ಪಂಡಿತನಿಗಿಂತ ಧರ್ಮವನ್ನು ಚೆನ್ನಾಗಿ ಬಲ್ಲವಳೆಂದೇ ತೋರುತ್ತದೆ.

ಗೌರಿಬಿದನೂರಿನಿಂದ ಪೂರ್ವಕ್ಕಿರುವ ಗುಡಿಬಂಡೆಯ ಕೋಟೆಯಲ್ಲಿ ಬಂಡೆಯ ಮೇಲೆ ಬಿದ್ದ ಮಳೆನೀರನ್ನು ಹಿಡಿದಿಡುವ 19 ದೊಣೆಗಳಿವೆ. ಒಂದು ತುಂಬಿದರೆ ಮತ್ತೊಂದಕ್ಕೆ ಹರಿಯುವ ಏರ್ಪಾಡು. ಅದೇ ಊರಿನಲ್ಲಿ ಚಂದ್ರನಾಥ ಬಸದಿಯೂ ಇದೆ. ಬೆಟ್ಟದ ದೊಣೆಯಿಂದ ಊರಿನ ಕುಂಟೆಗೆ, ಕುಂಟೆಯ ಕೋಡಿಯಿಂದ ಮುಂದಿನ ಊರಿನ ಕೆರೆಗೆ ನೀರು ಸಾಗುವ ಈ ಸರಪಳಿಯೇ ನಾಲ್ಕು ತಾಲ್ಲೂಕುಗಳ ಹಳೆಯ ಬದುಕು. ನೀರುಗಂಟಿ ತೂಬು ಎತ್ತಿದರೆ ಗದ್ದೆಗೆ ನೀರು. ಮೇಲಿನ ಊರಿನವನು ತನ್ನ ಕೆರೆ ತುಂಬಿದ ಮೇಲೆ ಕೋಡಿಗೆ ಅಡ್ಡ ಹಾಕುವಂತಿಲ್ಲ. ಪರಿಗ್ರಹ ಪರಿಮಾಣ ವ್ರತಕ್ಕೆ ಕಲ್ಲಿನಲ್ಲಿ ಕಟ್ಟಿದ ರೂಪವೆಂದರೆ ಕೋಡಿಯೇ.

ಆ ಸರಪಳಿ ಕಡಿದುಹೋಯಿತು. ಕೆರೆಗಳಲ್ಲಿ ಹೂಳು ತುಂಬಿತು, ರಾಜಕಾಲುವೆಗಳು ಒತ್ತುವರಿಯಾದವು. ಕೊಳವೆಬಾವಿ ಬಂದ ಮೇಲೆ ಕೆರೆಯ ಹಂಗು ಯಾರಿಗೂ ಬೇಡವಾಯಿತು. ಈ ಸೀಮೆಯಲ್ಲಿ ಕೊಳವೆಬಾವಿಗಳ ಆಳ ಸಾವಿರ ಅಡಿ ದಾಟಿದೆ. ಗೌರಿಬಿದನೂರು, ಬಾಗೇಪಲ್ಲಿಗಳ ಕಡೆ ಆ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿ ಜನರ ಹಲ್ಲು, ಮೂಳೆಗಳನ್ನು ಕೆಡಿಸಿದೆ. ತೆರೆದ ಬಾವಿಗಳು ಒಣಗಿದವು. ಯಾವೊಬ್ಬನೂ ಸರಃಶೋಷವನ್ನು ವೃತ್ತಿಯಾಗಿ ಹಿಡಿಯಲಿಲ್ಲ, ಆದರೂ ಎಲ್ಲರೂ ಸೇರಿ ಅದನ್ನು ನಡೆಸಿದಂತಾಯಿತು. ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ಕಡೆಯದರಿಂದ ಪಾರಾದವರು ವಿರಳ.

ಕೊಳವೆಬಾವಿ ಶ್ರಾವಕನ ಆಚಾರಕ್ಕೂ ಒಂದು ಪೆಟ್ಟು ಕೊಟ್ಟಿದೆ. ನಲ್ಲಿಗೆ ಬಟ್ಟೆ ಕಟ್ಟಿ ಸೋಸುತ್ತೇವೆ, ಸರಿ. ಬಟ್ಟೆಯಲ್ಲಿ ಉಳಿದದ್ದನ್ನು ಮರಳಿ ಎಲ್ಲಿಗೆ ಬಿಡುವುದು? ಸಾವಿರ ಅಡಿ ಆಳದ ಕೊಳವೆಗೆ ದಾರಿಯಿಲ್ಲ. ಅರ್ಧ ವಿಧಿ ಉಳಿದು, ಅದರ ಜೀವಾಳವಾದ ಅರ್ಧ ಹೋಯಿತು. ಮುನಿಸಂಘಗಳ ಆಹಾರಕ್ಕೆ ಬಾವಿಯ ನೀರೇ ಆಗಬೇಕೆಂಬ ನಿಯಮವನ್ನು ಹಳೆಯ ಕಟ್ಟಳೆಯೆಂದು ಗೊಣಗುವವರಿದ್ದಾರೆ. ವಿಹಾರದ ಹಾದಿಯಲ್ಲಿ ನೀರಿರುವ ಒಂದು ತೆರೆದ ಬಾವಿ ಸಿಗದೆ ಪರದಾಡುವ ಸಮಾಜ ತನ್ನ ನೆಲವನ್ನು ಯಾವ ಗತಿಗೆ ತಂದಿದೆಯೆಂಬುದನ್ನು ಆ ನಿಯಮವೇ ಎದುರಿಗೆ ಹಿಡಿದು ತೋರಿಸುತ್ತದೆ.

ಇತ್ತೀಚೆಗೆ ಕೆರೆಗಳಲ್ಲಿ ಮತ್ತೆ ನೀರು ಕಾಣುತ್ತಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೊಳವೆಗಳ ಮೂಲಕ ತರುವ ಯೋಜನೆಗಳಿಂದ, ಹೆಬ್ಬಾಳ–ನಾಗವಾರ ಕಣಿವೆಯ ನೀರು ಕಂದವಾರ ಮೊದಲಾದ ಚಿಕ್ಕಬಳ್ಳಾಪುರದ ಕೆರೆಗಳಿಗೂ, 2018ರಲ್ಲಿ ಆರಂಭವಾದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಕೋಲಾರದ ಕೆರೆಗಳಲ್ಲದೆ ಚಿಂತಾಮಣಿಯ ಕೆಲವು ಕೆರೆಗಳಿಗೂ ಹರಿದಿದೆ. ಅಂತರ್ಜಲ ಮರುಪೂರಣವೇ ಇದರ ಉದ್ದೇಶ, ನೇರ ಬಳಕೆಗಲ್ಲ. ಮೂರನೆಯ ಹಂತದ ಸಂಸ್ಕರಣೆಯೂ ಬೇಕೆಂದು ಜನ ಒತ್ತಾಯಿಸುತ್ತಲೇ ಇದ್ದಾರೆ. ಒಣಗಿದ ಕೆರೆಗಿಂತ ತುಂಬಿದ ಕೆರೆ ಮೇಲೆಂಬುದು ನಿಜ. ಆದರೆ ದಡದಲ್ಲಿ ನಿಂತು ಒಂದು ಕೊಡ ಸೋಸಿ ಕುಡಿಯಲಾಗದ ನೀರನ್ನು ಅಮ್ಮನ ಹೆಸರಿನ ಕೆರೆಯಲ್ಲಿ ನೋಡಿ ತೃಪ್ತಿಪಡುವುದು ಹೇಗೆ?

ಶಿಡ್ಲಘಟ್ಟದಲ್ಲಿ ನೀರಿನ ಪ್ರಶ್ನೆಗೆ ಇನ್ನೊಂದು ಮುಖವಿದೆ. ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯುಳ್ಳ ಆ ಊರಿನಲ್ಲಿ ನೂಲು ಬಿಚ್ಚಾಣಿಕೆಗೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಒಳಗಿನ ಹುಳು ಬದುಕುವುದಿಲ್ಲ. ಅದು ಸಾವಿರಾರು ಬಡ ಸಂಸಾರಗಳ ಅನ್ನ, ಅವರನ್ನು ದೂರುವುದು ಇಲ್ಲಿಯ ಉದ್ದೇಶವಲ್ಲ. ಕೊಳದ ನೀರನ್ನು ಮೂರು ಬಾರಿ ಸೋಸಿ ಅಭಿಷೇಕಕ್ಕೆ ಒಯ್ಯುವವರು ಮೈಮೇಲೆ ಉಟ್ಟಿರುವ ಪಟ್ಟೆಮಡಿ ಯಾವ ನೀರಿನಿಂದ ಹುಟ್ಟಿತೆಂಬುದನ್ನಾದರೂ ಯೋಚಿಸಬಹುದು.

ಬಸದಿಗಳ ಟ್ರಸ್ಟುಗಳ ಮುಂದಿರುವ ಕೆಲಸ ಸಣ್ಣದಲ್ಲ, ಆದರೆ ತಿಳಿಯದ್ದೂ ಅಲ್ಲ. ಮಾನಸ್ತಂಭಕ್ಕೆ ಅಮೃತಶಿಲೆ ಹೊದಿಸಲು ಹಣ ಕೂಡಿಸುವ ಸಮಿತಿ ಅದರ ಪಕ್ಕದ ಹಾಳುಬಾವಿಗೆ ಕಸ ಸುರಿಯಲು ಬಿಡುವುದು ಅನೇಕ ಕಡೆ ಕಾಣುವ ನೋಟ. ಕೊಳದ ಹೂಳೆತ್ತುವುದಕ್ಕೆ ಅಹಿಂಸೆಯ ದೃಷ್ಟಿಯಿಂದಲೂ ಒಂದು ಕಾಲವಿದೆ. ಪಂಪು ಹಚ್ಚಿ ನೀರು ಖಾಲಿ ಮಾಡಿ ಹೂಳೆತ್ತಿದರೆ ಸರಃಶೋಷವೇ ಆಯಿತು. ಫಾಲ್ಗುಣದ ಅಷ್ಟಾಹ್ನಿಕ ಮುಗಿಯುವ ಹೊತ್ತಿಗೆ ಈ ಸೀಮೆಯ ಕುಂಟೆಗಳು ತಾವಾಗಿ ತಳ ಕಾಣುತ್ತವೆ. ಮೂಲೆಯಲ್ಲಿ ಉಳಿದ ಗುಂಡಿಯ ನೀರನ್ನೂ ಅದರಲ್ಲಿರುವ ಜೀವಗಳನ್ನೂ ಹಾಗೆಯೇ ಬಿಟ್ಟು, ಒಣಗಿದ ಭಾಗದ ಹೂಳನ್ನು ಎತ್ತಿ ರೈತರ ಹೊಲಕ್ಕೆ ಕೊಟ್ಟು, ನೀರು ಬರುವ ಕಾಲುವೆ ಬಿಡಿಸಲು ವೈಶಾಖದ ಕೊನೆಯವರೆಗೆ ಸಮಯವಿರುತ್ತದೆ. ಆಷಾಢದ ಅಷ್ಟಾಹ್ನಿಕಕ್ಕೆ ಬಸದಿಯ ಮಂಡಲದಲ್ಲಿ ಹದಿನಾರು ವಾಪಿಗಳನ್ನು ಬರೆಯುವ ಹೊತ್ತಿಗೆ ಹೊರಗೆ ಮುಂಗಾರಿನ ನೀರು ಮೊದಲ ಮೆಟ್ಟಿಲಿಗೆ ಬಂದಿರುತ್ತದೆ.